ಕೆಂಚು ಕೂದಲ ಮಗು: ಹಸಿವಾ, ಬಿಸಿಲಾ, ವಂಶಾನಾ?

(ಇದು ನಮ್ಮ ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಕೇಳೋಕೆ ಪುರುಸೊತ್ತಿಲ್ಲದವರು ಓದ್ಕೋಬಹುದು.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರಿಗೂ, ತೋಟಕ್ಕೆ ನೀರು ಬಿಟ್ಟು ಕರೆಂಟ್ ಯಾವಾಗ ಹೋಗುತ್ತೋ ಅಂತ ಮೋಟಾರ್ ಕಾಯ್ತಾ ಇರೋರಿಗೂ ಸ್ವಾಗತ. ಕೊಬ್ಬರಿ ರೇಟು, ಬ್ಯಾಂಕ್ ಲೋನು ಅಂತ ಮಾತಾಡೋ ನಾನು ಇವತ್ತು ಮಗುವಿನ ಕೂದಲ ಬಗ್ಗೆ ಮಾತಾಡ್ತೀನಿ. ನಾನು ಓದಿದ್ದು ಬಿಕಾಂ, ಡಾಕ್ಟರ್ ಅಲ್ಲ. ಆದ್ರೆ ಈ ವಿಷಯ ನಮ್ಮನೆಗೇ ಬಂತು, ಹಾಗಾಗಿ ಕೂತು ಓದಿದೆ, ಡಾಕ್ಟರ್‌ನ ಕೇಳಿದೆ. ತಿಳ್ಕೊಂಡಿದ್ದನ್ನ ನಿಮಗೆ ಹೇಳ್ತೀನಿ.

ಮದುವೆ ಮನೆಯ ಎರಡು ಪ್ರಶ್ನೆ

ನಮ್ಮಕ್ಕನ್ನ ಕೊಟ್ಟಿರೋದು ತುರುವೇಕೆರೆ ಕಡೆ ಒಂದು ಹಳ್ಳಿಗೆ. ಅವಳ ಮಗಳಿಗೆ ಈಗ ಮೂರೂವರೆ ವರ್ಷ. ಹುಟ್ಟಿದಾಗಿಂದ ಕೂದಲು ಕೆಂಚು. ನೆರಳಲ್ಲಿ ನೋಡಿದ್ರೆ ಕಡುಗಂದು, ಬಿಸಿಲಿಗೆ ಬಂದ್ರೆ ತಾಮ್ರದ ಚೊಂಬು ಬೆಳಗಿಟ್ಟ ಹಾಗೆ. ಅಕ್ಕನಿಗೂ ಭಾವನಿಗೂ ಕೂದಲು ಕಪ್ಪೇ.

ತಿಪಟೂರಲ್ಲಿ ಒಂದು ಮದುವೆ. ಊಟದ ಹಾಲಲ್ಲಿ ದೂರದ ಸಂಬಂಧದ ಅಜ್ಜಿ ಒಬ್ಬರು ಮಗು ತಲೆ ಸವರಿ, "ಏನವ್ವಾ, ಮಗೀಗೆ ಹೊಟ್ಟೆಗೆ ಸರಿಯಾಗಿ ಹಾಕ್ತಿಲ್ವಾ? ಕೂದ್ಲು ಹಿಂಗಾಗೈತಲ್ಲ" ಅಂದ್ರು. ಅಕ್ಕ ನಕ್ಕು ಸುಮ್ಮನಾದ್ಲು. ಅರ್ಧ ಗಂಟೆ ಆದ್ಮೇಲೆ ಇನ್ನೊಬ್ಬರು ಬಂದ್ರು. "ನಿಮ್ಮೆರಡು ಮನೇಲೂ ಯಾರಿಗೂ ಈ ಕೂದಲಿಲ್ವಲ್ಲ, ಇದು ಯಾರ ಕಡೆಯಿಂದ ಬಂತೋ?" ಅಂದು ಒಂಥರಾ ನಕ್ರು.

ಅಕ್ಕ ಊಟ ಅರ್ಧಕ್ಕೆ ಬಿಟ್ಟು ಎದ್ದಳು. ಆಮೇಲಿಂದ ಮಗುನ ಎಲ್ಲಿಗೆ ಕರ್ಕೊಂಡು ಹೋದ್ರೂ ತಲೆಗೊಂದು ಟೋಪಿ. ಆಮೇಲೆ ಕರ್ಕೊಂಡು ಹೋಗೋದೇ ಕಮ್ಮಿ ಆಯ್ತು.

ಈ ಎರಡು ಪ್ರಶ್ನೆ ಒಂದೇ ಥರದವಲ್ಲ. ಮೊದಲನೇದು ಕೇಳಲೇಬೇಕಾದ ಪ್ರಶ್ನೆ. ಕೇಳಿದ ರೀತಿ ಒರಟು, ಆದ್ರೆ ಅದರ ಹಿಂದೆ ನಿಜವಾದ ಕಾರಣ ಇದೆ. ಎರಡನೇದನ್ನ ಯಾರಿಗೂ ಕೇಳೋ ಹಕ್ಕಿಲ್ಲ. ಆದ್ರೂ ಅದಕ್ಕೆ ವಿಜ್ಞಾನದಲ್ಲಿ ಉತ್ತರ ಇದೆ. ಎರಡಕ್ಕೂ ಉತ್ತರ ಹುಡುಕೋಣ.

ಕೆಂಚ ಅನ್ನೋದು ಹೊಸ ಪದ ಅಲ್ಲ

ಕೆಂಪು ಕೂದಲು ಅಂದ ತಕ್ಷಣ ನಮಗೆ ಇಂಗ್ಲಿಷ್ ಸಿನಿಮಾ ನೆನಪಾಗುತ್ತೆ. ಆದ್ರೆ ನಮ್ಮ ಭಾಷೆಲೇ ಇದಕ್ಕೊಂದು ಹಳೇ ಪದ ಇದೆ: ಕೆಂಚು. ಕೆಂಚ ಅಂದ್ರೆ ಮೈಯೋ ಕೂದಲೋ ಕೆಂಬಣ್ಣ ಇರೋನು. ಕೆಂಚಪ್ಪ, ಕೆಂಚಯ್ಯ, ಕೆಂಚೇಗೌಡ, ಕೆಂಚಮ್ಮ ಅನ್ನೋ ಹೆಸರುಗಳು ನಮ್ಮ ಕಡೆ ಹಳೇ ತಲೆಮಾರಲ್ಲಿ ಬೇಕಾದಷ್ಟಿವೆ. ಕೆಂಚಮ್ಮ ಅಂತ ದೇವತೆನೇ ಇದ್ದಾಳೆ. ಪಕ್ಕದ ಹಾಸನ ಜಿಲ್ಲೆ ಆಲೂರು ತಾಲ್ಲೂಕಲ್ಲಿ ಕೆಂಚಮ್ಮನ ಹೊಸಕೋಟೆ ಅಂತ ಊರೇ ಇದೆ. ಈ ಹೆಸರಿರೋರಿಗೆಲ್ಲ ಕೆಂಪು ಕೂದಲಿತ್ತು ಅಂತ ಅಲ್ಲ. ಎಷ್ಟೋ ಜನಕ್ಕೆ ದೇವರ ಹೆಸರು ಅಂತ ಇಟ್ಟಿರ್ತಾರೆ. ಆದ್ರೆ ಪದ ಇದೆ ಅಂದ್ರೆ ಆ ಬಣ್ಣ ನಮ್ಮ ಜನ ನೋಡಿದ ಬಣ್ಣ. ಎಲ್ಲಿಂದಲೋ ಬಂದಿದ್ದಲ್ಲ.

ಚಿಕ್ಕನಾಯಕನಹಳ್ಳಿ ಕಡೆ ಇರೋ ನಮ್ಮಜ್ಜಿನ ಕೇಳಿದಾಗ, "ನಮ್ಮಣ್ಣನ ತಲೆ ಹಿಂಗೇ ಇತ್ತು ಕಣೋ. ಸ್ಕೂಲಲ್ಲಿ ಬೇರೆ ಹೆಸರು, ಊರೆಲ್ಲ ಕರೀತಿದ್ದದ್ದು ಕೆಂಚ ಅಂತ" ಅಂದ್ರು. ಮೂರು ವರ್ಷದಿಂದ ಯಾರೂ ಅಜ್ಜಿನ ಕೇಳೇ ಇರಲಿಲ್ಲ.

ಬಣ್ಣ ಎಲ್ಲಿಂದ ಬರುತ್ತೆ?

ಕೂದಲ ಬಣ್ಣಕ್ಕೆ ಕಾರಣ ಮೆಲನಿನ್. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಯೂಮೆಲನಿನ್ ಕಪ್ಪು-ಕಂದು ಕೊಡುತ್ತೆ. ಫಿಯೋಮೆಲನಿನ್ ಕೆಂಪು-ಹಳದಿ ಕೊಡುತ್ತೆ. ಕಪ್ಪು ಜಾಸ್ತಿ ಇದ್ರೆ ಕೆಂಪು ಕಾಣೋದಿಲ್ಲ. ಕಪ್ಪು ಕಮ್ಮಿ ಆದಾಗ ಕೆಂಪು ಎದ್ದು ಕಾಣುತ್ತೆ. ಕಪ್ಪು ಕಮ್ಮಿ ಆಗೋಕೆ ದೊಡ್ಡ ಕಾರಣಗಳು ಮೂರು: ತಯಾರಿಸೋಕೆ ಸಾಮಗ್ರಿ ಇಲ್ದೇ ಇರೋದು, ತಯಾರಾಗಿದ್ದು ಬಿಸಿಲಿಗೆ ಹಾಳಾಗೋದು, ಇಲ್ಲಾ ದೇಹದ ಸೂಚನೆಯೇ ಬೇರೆ ಇರೋದು. ಹಸಿವು, ಬಿಸಿಲು, ವಂಶ.

ಇವನ್ನ ಬಿಡಿಸಿ ನೋಡೋಕೆ ಕೂದಲನ್ನ ಬ್ಯಾಂಕ್ ಪಾಸ್‌ಬುಕ್ ಅಂದ್ಕೊಳ್ಳಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತೆ. ಬುಡದಲ್ಲಿರೋದು ಈ ತಿಂಗಳ ಎಂಟ್ರಿ, ತುದೀಲಿರೋದು ಹಳೇ ಎಂಟ್ರಿ. ಯಾವ ಭಾಗ ಕೆಂಪಾಗಿದೆ ಅನ್ನೋದರಲ್ಲೇ ಅರ್ಧ ಉತ್ತರ ಸಿಗುತ್ತೆ.

ಮೊದಲು ನೋಡಬೇಕಾದ್ದು: ಹಸಿವು

1933ರಲ್ಲಿ ಸಿಸಿಲಿ ವಿಲಿಯಮ್ಸ್ ಅನ್ನೋ ವೈದ್ಯೆ, ಈಗಿನ ಘಾನಾದಲ್ಲಿ ಕೆಲಸ ಮಾಡ್ತಾ, ಮಕ್ಕಳ ಒಂದು ಕಾಯಿಲೆ ಬಗ್ಗೆ ಬರೆದ್ರು. ಕಾಲು ಊದಿಕೊಳ್ಳೋದು, ಚರ್ಮ ಸುಲಿಯೋದು, ಮಗು ಮಂಕಾಗೋದು, ಕೂದಲ ಬಣ್ಣ ಹೋಗೋದು. 1935ರಲ್ಲಿ ಅದಕ್ಕೆ ಅಲ್ಲಿನ ಗಾ ಭಾಷೆಯ ಹೆಸರನ್ನೇ ಬಳಸಿದ್ರು: ಕ್ವಾಶಿಯೋರ್ಕರ್. ಇನ್ನೊಂದು ಮಗು ಹುಟ್ಟಿದಾಗ ತಾಯಿ ಹಾಲು ತಪ್ಪಿದ ದೊಡ್ಡ ಮಗುಗೆ ಬರೋ ಕಾಯಿಲೆ ಅಂತ ಅದರ ಅರ್ಥ. ಹಾಲು ತಪ್ಪಿದ ಮೇಲೆ ಬರೀ ಗಂಜಿ ಮೇಲೆ ಬೆಳೆಯೋ ಮಗು. ಹೊಟ್ಟೆ ತುಂಬಿದ ಹಾಗಿರುತ್ತೆ, ದೇಹಕ್ಕೆ ಬೇಕಾದ್ದು ಸಿಕ್ಕಿರಲ್ಲ.

ಮೆಲನಿನ್ ತಯಾರಾಗೋದು ಟೈರೋಸಿನ್ ಅನ್ನೋ ಅಮೈನೋ ಆಮ್ಲದಿಂದ. ಅದು ಬರೋದು ಪ್ರೋಟೀನಿನಿಂದ. ಪ್ರೋಟೀನ್ ತೀರಾ ಕಮ್ಮಿ ಆದ್ರೆ ಕೂದಲು ಮಂಕಾಗಿ, ಕೆಂಪಗೆ, ತೆಳ್ಳಗೆ ಆಗುತ್ತೆ. ಮುಟ್ಟಿದ್ರೆ ಕಿತ್ತು ಬರುತ್ತೆ. ಕೆಲವು ತಿಂಗಳು ಚೆನ್ನಾಗಿ ಊಟ ಸಿಕ್ಕಿ, ಕೆಲವು ತಿಂಗಳು ಸಿಗದೇ ಇದ್ರೆ ಒಂದೇ ಕೂದಲಲ್ಲಿ ಕಪ್ಪು, ಕೆಂಪು, ಕಪ್ಪು ಅಂತ ಪಟ್ಟೆ ಕಾಣುತ್ತೆ. ಡಾಕ್ಟರ್‌ಗಳು ಇದನ್ನ ಬಾವುಟದ ಗುರುತು ಅಂತಾರೆ.

ಹಾಗಾಗಿ ಆ ಅಜ್ಜಿ ಕೇಳಿದ್ದು ತಪ್ಪಲ್ಲ. ಅವರು ಬರಗಾಲ ನೋಡಿದ ಕಾಲದವರು. ಕೆಂಪು ಕೂದಲಿನ ಮಗು ಅಂದ್ರೆ ಹಸಿದ ಮಗು ಅಂತ ಅವರ ಕಣ್ಣು ಕಲಿತಿತ್ತು. ಈಗಲೂ ಅಂಥ ಮಕ್ಕಳಿದ್ದಾರೆ. "ಅಯ್ಯೋ, ಅದು ವಂಶದ್ದು" ಅಂತ ನಾವೇ ತೀರ್ಮಾನ ಮಾಡ್ಕೊಂಡು ಬಿಟ್ರೆ ಒಂದು ಮಗುವಿನ ಜೀವಕ್ಕೇ ಅಪಾಯ.

ಆದ್ರೆ ಬಣ್ಣ ಒಂದನ್ನೇ ನೋಡಿ ಹೇಳೋಕಾಗಲ್ಲ. ಅಟ್ಟದ ಮೇಲಿನ ಕಾಯಿ ಒಣಗಿ ಕೊಬ್ಬರಿ ಆಗಿದ್ಯಾ ಅಂತ ನಮ್ಮಲ್ಲಿ ಯಾರಾದ್ರೂ ಸಿಪ್ಪೆ ಬಣ್ಣ ನೋಡಿ ಹೇಳ್ತಾರಾ? ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಾರೆ. ಇಲ್ಲೂ ಹಾಗೇ, ಒಳಗಿಂದು ನೋಡೋಕೆ ಸುಲಭದ ದಾರಿ ಇದೆ.

ಒಂದು, ತೋಳಿನ ಟೇಪು. ಅಂಗನವಾಡಿಲಿ ಇರುತ್ತೆ. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ಎಡ ರೆಟ್ಟೆಯ ಮಧ್ಯ ಸುತ್ತಳತೆ ತಗೋತಾರೆ. 12.5 ಸೆಂಟಿಮೀಟರ್‌ಗಿಂತ ಜಾಸ್ತಿ ಇದ್ರೆ ಹಸಿರು. 11.5ರಿಂದ 12.5ರೊಳಗೆ ಹಳದಿ, ಎಚ್ಚರಿಕೆ. 11.5ಕ್ಕಿಂತ ಕಮ್ಮಿ ಆದ್ರೆ ಕೆಂಪು, ತೀವ್ರ ಅಪೌಷ್ಟಿಕತೆ.

ಎರಡು, ಪಾದ. ಎರಡೂ ಪಾದದ ಮೇಲ್ಭಾಗನ ಹೆಬ್ಬೆರಳಲ್ಲಿ ಮೂರು ಸೆಕೆಂಡ್ ಒತ್ತಿ ಬಿಡಿ. ಎರಡರಲ್ಲೂ ಗುಳಿ ಹಾಗೇ ಉಳಿದ್ರೆ ಊತ ಇದೆ ಅಂತ. ಆಗ ಟೇಪು ಏನೇ ಹೇಳಲಿ, ಅವತ್ತೇ ಆಸ್ಪತ್ರೆಗೆ ಹೋಗಿ. ಊದಿದ ಮಗು ದುಂಡಗೆ ಕಾಣುತ್ತೆ. ಮೋಸ ಹೋಗಬೇಡಿ.

ಮೂರು, ತೂಕ-ಎತ್ತರದ ಚಾರ್ಟು. ತಾಯಿ ಕಾರ್ಡಲ್ಲಿ ಗೆರೆ ಮೇಲಕ್ಕೆ ಹೋಗ್ತಿದ್ಯಾ, ಮಗು ಆಡ್ತಾ ಓಡ್ತಾ ಇದ್ಯಾ ನೋಡಿ.

ಈ ಅಂಗನವಾಡಿ ವ್ಯವಸ್ಥೆ ದೇಶದಲ್ಲಿ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ಅವತ್ತು ಕರ್ನಾಟಕದಲ್ಲಿ ಮೊದಲು ಆರಂಭವಾಗಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಮಗು ಕೆಂಪು ಪಟ್ಟಿಗೆ ಬಂದ್ರೆ ಸರ್ಕಾರಿ ಆಸ್ಪತ್ರೆಗಳ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಅಡ್ಮಿಟ್ ಮಾಡ್ಕೊಂಡು ನೋಡ್ಕೋತಾರೆ. ದಾರಿ ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತೆ.

ಇಲ್ಲಿ ನಮ್ಮ ತೆಂಗಿನ ಸೀಮೆಗೆ ಒಂದು ಕಿವಿಮಾತು. "ಮಗುಗೆ ದಿನಾ ಕೊಬ್ಬರಿ-ಬೆಲ್ಲ ಕೊಡ್ತೀವಲ್ಲ, ಇನ್ನೇನು ಬೇಕು?" ಅಂತಾರೆ. ಕೊಬ್ಬರಿಲಿ ಇರೋದು ಬಹುಪಾಲು ಕೊಬ್ಬು. ಶಕ್ತಿ ಕೊಡುತ್ತೆ, ಒಳ್ಳೇದೇ. ಆದ್ರೆ ಪ್ರೋಟೀನಿಗೆ ಮೊಟ್ಟೆ, ಹಾಲು, ಬೇಳೆ, ಹುರುಳಿ, ಅವರೆಕಾಳು, ಕಡ್ಲೆಬೀಜ ಬೇಕು. ರಾಗಿಮುದ್ದೆ ಜೊತೆ ಹುರುಳಿಕಾಳಿನ ಸಾರು ಅನ್ನೋದು ನಮ್ಮ ಹಿರಿಯರ ಸರಿಯಾದ ಲೆಕ್ಕ.

ಪುಟ್ಟಿ ತೋಳು ಹಸಿರಲ್ಲಿ ಬಂತು. ಪಾದದಲ್ಲಿ ಊತ ಇಲ್ಲ. ಕೂದಲು ಬುಡದಿಂದ ತುದಿವರೆಗೆ ಒಂದೇ ಬಣ್ಣ, ಎಳೆದ್ರೆ ನೋವಾಗಿ ಕಿರುಚ್ತಾಳೆ, ಕಿತ್ತು ಬರಲ್ಲ. ಮೊದಲ ಪ್ರಶ್ನೆಗೆ ಉತ್ತರ ಸಿಕ್ತು. ಅಕ್ಕ ಆ ಟೇಪನ್ನ ಫೋಟೋ ತಗೊಂಡು ಇಟ್ಕೊಂಡಿದ್ದಾಳೆ. ಯಾಕೆ ಅಂತ ನಾನು ಕೇಳಲಿಲ್ಲ.

ಎರಡನೇದು: ಬಿಸಿಲು

ಬಿಸಿಲಲ್ಲಿರೋ ನೇರಳಾತೀತ ಕಿರಣ ಕೂದಲ ಮೆಲನಿನ್‌ನ ಒಡೆಯುತ್ತೆ. ಕೂದಲು ಜೀವ ಇಲ್ಲದ ಎಳೆ. ಬಣ್ಣ ಹೋದ್ರೆ ಆ ಎಳೆಗೆ ವಾಪಸ್ ಬರಲ್ಲ. ಇಡೀ ಬೇಸಿಗೆ ಕೆರೆ ಏರಿ ಮೇಲೆ ಓಡಾಡೋ ಮಕ್ಕಳ ತುದಿಗೂದಲು ಕೆಂಪಗೆ, ಒರಟಾಗಿ ಆಗೋದು ಇದಕ್ಕೇ. ಪಾಸ್‌ಬುಕ್ ನೋಡಿ: ಬುಡ ಕಪ್ಪು, ತುದಿ ಮಾತ್ರ ಕೆಂಪು ಇದ್ದು, ಮಗು ತೂಕ ಚೆನ್ನಾಗಿದ್ರೆ ಅದು ಹೆಚ್ಚಾಗಿ ಬಿಸಿಲು. ತುದಿ ಕತ್ತರಿಸಿದ್ರೆ ಮುಗೀತು.

ಮೂರನೇದು: ವಂಶ. ಜಾಯಿಂಟ್ ಅಕೌಂಟ್ ಲೆಕ್ಕ

ಈಗ ಮದುವೆ ಮನೆಯ ಎರಡನೇ ಪ್ರಶ್ನೆ. ಅಪ್ಪ-ಅಮ್ಮ ಇಬ್ಬರದ್ದೂ ಕಪ್ಪು, ಮಗುವಿಂದು ಕೆಂಪು. ಹೇಗೆ?

1995ರಲ್ಲಿ ವಿಜ್ಞಾನಿಗಳು ಕೆಂಪು ಕೂದಲಿಗೂ ಎಂಸಿ1ಆರ್ ಅನ್ನೋ ವಂಶವಾಹಿಗೂ ಸಂಬಂಧ ಇದೆ ಅಂತ ತೋರಿಸಿದ್ರು. 16ನೇ ವರ್ಣತಂತುವಿನಲ್ಲಿರೋ ಈ ಜೀನ್ ಒಂದು ಸ್ವಿಚ್ ಇದ್ದ ಹಾಗೆ. ಕೆಲಸ ಮಾಡಿದ್ರೆ ಕಪ್ಪು ಮೆಲನಿನ್ ತಯಾರಾಗುತ್ತೆ. ಸರಿಯಾಗಿ ಕೆಲಸ ಮಾಡದಿದ್ರೆ ಕೆಂಪೇ ಜಾಸ್ತಿ ಆಗುತ್ತೆ. ಜಗತ್ತಲ್ಲಿ ಅಪ್ಪಟ ಕೆಂಪು ಕೂದಲಿನವರು ಶೇಕಡ 1ರಿಂದ 2ರಷ್ಟು ಅಂತ ಅಂದಾಜು. ಸ್ಕಾಟ್ಲೆಂಡ್, ಐರ್ಲೆಂಡ್ ಕಡೆ ಅವರ ಪ್ರಮಾಣ ಜಾಸ್ತಿ. ನಮ್ಮಲ್ಲಿ ಅಂಥ ಕಡುಗೆಂಪು ಬಹಳ ಅಪರೂಪ. ಇಲ್ಲಿ ಕಾಣೋ ಕೆಂಚು ಹೆಚ್ಚಾಗಿ ಕೆಂಪು ಬೆರೆತ ಕಂದು. ಅದರಲ್ಲಿ ಬೇರೆ ಬೇರೆ ಜೀನ್‌ಗಳ ಕೈವಾಡ ಇರುತ್ತೆ. ಆದ್ರೆ ಅಡಗಿ ಕೂತು ಮುಂದಿನ ತಲೆಮಾರಲ್ಲಿ ಕಾಣಿಸ್ಕೊಳ್ಳೋದು ಹೇಗೆ ಅಂತ ತಿಳಿಯೋಕೆ ಎಂಸಿ1ಆರ್ ಒಳ್ಳೇ ಉದಾಹರಣೆ.

ಬ್ಯಾಂಕಲ್ಲಿ ಇಬ್ಬರ ಹೆಸರಲ್ಲಿ ಅಕೌಂಟ್ ಎರಡು ಥರ ತೆಗೀಬಹುದು. ಒಂದರಲ್ಲಿ ಇಬ್ಬರಲ್ಲಿ ಯಾರು ಸಹಿ ಹಾಕಿದ್ರೂ ದುಡ್ಡು ಬರುತ್ತೆ. ಇನ್ನೊಂದರಲ್ಲಿ ಇಬ್ಬರೂ ಸಹಿ ಹಾಕಲೇಬೇಕು. ಕಪ್ಪು ಕೂದಲು ಮೊದಲನೇ ಥರ. ಅಪ್ಪನಿಂದಲೋ ಅಮ್ಮನಿಂದಲೋ ಕೆಲಸ ಮಾಡೋ ಜೀನ್ ಒಂದು ಬಂದ್ರೂ ಸಾಕು. ಕೆಂಪು ಕೂದಲು ಎರಡನೇ ಥರ. ಎರಡೂ ಕಡೆಯಿಂದ ಬರಬೇಕು. ಅಪ್ಪನ ಹತ್ರ ಅಡಗಿರೋ ಒಂದು, ಅಮ್ಮನ ಹತ್ರ ಅಡಗಿರೋ ಒಂದು. ಇಬ್ಬರ ತಲೆನೂ ಕಪ್ಪೇ. ಆದ್ರೆ ಪ್ರತಿ ಮಗುಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತೆ ಎರಡೂ ಸೇರೋಕೆ. ತಲೆಮಾರುಗಟ್ಟಲೆ ಸೇರದೇನೂ ಇರಬಹುದು.

ಇದು ತೆಂಗು ಬೆಳೆಯೋರಿಗೆ ಹೊಸದಲ್ಲ. ಕೆಂದಾಳಿ ಎಳನೀರು ಗೊತ್ತಲ್ಲ, ಕಿತ್ತಳೆ ಬಣ್ಣದ ಗಿಡ್ಡ ತಳಿ? ಅಂಥ ಕಿತ್ತಳೆ ಬಣ್ಣದ ಗಿಡ್ಡ ಮರನ ತಾಯಿ ಮಾಡಿ, ಎತ್ತರದ ಮರದ ಪರಾಗ ಕೊಟ್ಟು ಹೈಬ್ರಿಡ್ ಸಸಿ ಮಾಡ್ತಾರೆ. ಕಾಸರಗೋಡಿನ ಸಿಪಿಸಿಆರ್‌ಐ ಸಂಸ್ಥೆಯ ಚಂದ್ರಸಂಕರ ಅನ್ನೋ ತಳಿ ಹೀಗೇ ಬಂದಿದ್ದು. ತಾಯಿ ಚೌಘಾಟ್ ಆರೆಂಜ್ ಡ್ವಾರ್ಫ್, ತಂದೆ ವೆಸ್ಟ್ ಕೋಸ್ಟ್ ಟಾಲ್. ನರ್ಸರಿಲಿ ಮೊಳಕೆ ಬಂದಾಗ ಎಲೆಯ ದಂಟಿನ ಬಣ್ಣ ನೋಡ್ತಾರೆ. ದಂಟು ಕಿತ್ತಳೆ ಇದ್ರೆ ಅದು ಹೈಬ್ರಿಡ್ ಅಲ್ಲ ಅಂತ ತೆಗೆದಿಡ್ತಾರೆ. ಯಾಕಂದ್ರೆ ನಿಜವಾದ ಹೈಬ್ರಿಡ್‌ನಲ್ಲಿ ತಾಯಿಯ ಕಿತ್ತಳೆ ಬಣ್ಣ ಕಾಣದೇ ಅಡಗುತ್ತೆ. ಅಡಗುತ್ತೆ ಅಷ್ಟೇ, ಹೋಗಲ್ಲ. ಆ ಹೈಬ್ರಿಡ್ ಮರದ ಕಾಯಿ ಬಿತ್ತಿದ್ರೆ ಮುಂದಿನ ಸಸಿಗಳಲ್ಲಿ ಕೆಲವು ಮತ್ತೆ ಕಿತ್ತಳೆ ಆಗಿ ಬರಬಹುದು. ಆಗ ಯಾವ ರೈತನೂ ಮರದ ಶೀಲ ಶಂಕಿಸಲ್ಲ.

ಈಗ ಅಕ್ಕನ ಮನೆಗೆ ಬರೋಣ. ಅಜ್ಜಿಯ ಅಣ್ಣ ಕೆಂಚ ಅಂತ ಗೊತ್ತಾದಾಗ ಅಕ್ಕನ ಅತ್ತೆಯವರು, "ಹಂಗಾದ್ರೆ ನಿಮ್ಮ ಕಡೆದೇ" ಅಂದ್ರು. ನಾನು ಜಾಯಿಂಟ್ ಅಕೌಂಟ್ ಲೆಕ್ಕ ಹೇಳಿದೆ. "ಅತ್ತೆ, ಇದು ಆ ಥರದ್ದಾದ್ರೆ ಒಂದು ಸಹಿ ನಮ್ಮ ಕಡೆದು, ಇನ್ನೊಂದು ನಿಮ್ಮ ಕಡೆದು" ಅಂದೆ. ಅವರು ಏನೂ ಹೇಳಲಿಲ್ಲ. ಒಪ್ಪಿದ್ರೋ ಇಲ್ವೋ ಗೊತ್ತಿಲ್ಲ. ಆದ್ರೆ ಆಮೇಲೆ ಆ ಮಾತು ಮನೇಲಿ ಎದ್ದಿಲ್ಲ.

ಕಣ್ಣನ್ನೂ ನೋಡಿ

ತುಮಕೂರಲ್ಲಿ ಮಕ್ಕಳ ಡಾಕ್ಟರ್ ಹತ್ರ ಹೋದಾಗ ಅವರು ಕೂದಲಿಗಿಂತ ಜಾಸ್ತಿ ಹೊತ್ತು ಕಣ್ಣು ನೋಡಿದ್ರು. ಆಲ್ಬಿನಿಸಂನ ಒಂದು ಬಗೆಯಲ್ಲಿ ಕೂದಲು ಬಿಳಿ ಆಗದೆ ಕೆಂಪಗಿರುತ್ತೆ. ಇದು ತೊನ್ನಲ್ಲ, ಅಂಟೋದೂ ಇಲ್ಲ. ಹುಟ್ಟಿನಿಂದ ಬರೋದು. ಮಗುವಿನ ಕಣ್ಣುಗುಡ್ಡೆ ಅಲುಗಾಡ್ತಿದ್ರೆ, ಬೆಳಕಿಗೆ ಕಣ್ಣು ಬಿಡೋಕೆ ಕಷ್ಟಪಟ್ರೆ, ಪುಸ್ತಕನ ಮೂಗಿನ ಹತ್ರ ಹಿಡಿದ್ರೆ ಕಣ್ಣಿನ ಡಾಕ್ಟರ್‌ಗೆ ತೋರಿಸಲೇಬೇಕು. ಬೇಗ ಗೊತ್ತಾದ್ರೆ ಕನ್ನಡಕ, ಕ್ಲಾಸಲ್ಲಿ ಮುಂದಿನ ಬೆಂಚು, ಬಿಸಿಲಿಂದ ರಕ್ಷಣೆ ಎಲ್ಲಾ ಮಾಡಬಹುದು. ಇನ್ನೊಂದು, ಕೂದಲು ತಿಳಿ ಬಣ್ಣ ಇದ್ದು, ಮಗು ಕೂರೋದು, ಮಾತಾಡೋದು ತುಂಬಾ ತಡ ಆಗ್ತಿದ್ರೆ ಅದನ್ನೂ ಹೇಳಿ. ಫೀನೈಲ್‌ಕೀಟೋನೂರಿಯಾ ಅನ್ನೋ ಅಪರೂಪದ ತೊಂದರೆಯಲ್ಲಿ ಹೀಗಾಗುತ್ತೆ.

ಪುಟ್ಟಿಗೆ ಇದ್ಯಾವುದೂ ಇಲ್ಲ. "ಜೀನ್ ಟೆಸ್ಟ್ ಮಾಡಿಸ್ಬೇಕಾ ಡಾಕ್ಟ್ರೇ?" ಅಂತ ಅಕ್ಕ ಕೇಳಿದ್ಲು. "ಮಾಡಿಸಿ ಏನಮ್ಮ ಮಾಡ್ತೀರಾ? ಮಗು ಚೆನ್ನಾಗಿದೆ. ಕರ್ಕೊಂಡು ಹೋಗಿ" ಅಂದ್ರು.

ಮಾಡಬಾರದ ಮೂರು ಕೆಲಸ

ಡೈ ಹಚ್ಚಬೇಡಿ. ಯಾರೋ ಅಕ್ಕನಿಗೆ ಹೇಳಿದ್ರು, "ಸ್ವಲ್ಪ ಕರಿ ಬಣ್ಣ ಹಚ್ಚು, ಯಾರಿಗೂ ಗೊತ್ತಾಗಲ್ಲ" ಅಂತ. ಕಪ್ಪು ಡೈಗಳಲ್ಲಿ, ಕಪ್ಪು ಮೆಹಂದಿ ಅಂತ ಮಾರೋದರಲ್ಲಿ ಪಿಪಿಡಿ ಅನ್ನೋ ರಾಸಾಯನಿಕ ಇರುತ್ತೆ. ಚರ್ಮಕ್ಕೆ ಜೋರು ಅಲರ್ಜಿ ಮಾಡುತ್ತೆ, ಹೊಟ್ಟೆಗೆ ಹೋದ್ರೆ ಜೀವಕ್ಕೇ ಅಪಾಯ. ಮಕ್ಕಳ ಕೈಗೆ ಸಿಗೋ ಜಾಗದಲ್ಲಿ ಡೈ ಪ್ಯಾಕೆಟ್ ಇಡಲೇಬೇಡಿ. ಇಷ್ಟಕ್ಕೂ, ನಮ್ಮ ಸಂತೇಲಿ ಮೆಹಂದಿ ಹಚ್ಚಿ ತಲೆ ಕೆಂಪು ಮಾಡ್ಕೊಂಡ ತಾತಂದಿರು ಎಷ್ಟು ಜನ ಓಡಾಡ್ತಾರೆ! ಅವರನ್ನ ಯಾರೂ ಏನೂ ಕೇಳಲ್ಲ.

ಬೋಳಿಸಿದ್ರೆ ಕಪ್ಪು ಬರುತ್ತೆ ಅಂತ ನಂಬಬೇಡಿ. ಮನೆದೇವರಿಗೆ ಮುಡಿ ಕೊಡೋದು ನಿಮ್ಮ ಭಕ್ತಿ, ಅದು ಬೇರೆ. ಆದ್ರೆ ಬಣ್ಣ ತಯಾರಾಗೋದು ಚರ್ಮದ ಒಳಗಿನ ಬೇರಲ್ಲಿ. ಕತ್ತಿ ಅಲ್ಲಿಗೆ ಮುಟ್ಟಲ್ಲ. ಎಷ್ಟೋ ಮಕ್ಕಳಿಗೆ ಬೆಳೀತಾ ಕೂದಲು ತಾನಾಗೇ ಕಪ್ಪಾಗುತ್ತೆ. ಅದೇ ಹೊತ್ತಿಗೆ ಬೋಳಿಸಿರ್ತೀವಿ, ಕ್ರೆಡಿಟ್ಟು ಕತ್ತಿಗೆ ಹೋಗುತ್ತೆ.

ಎಣ್ಣೆಯಿಂದ ಬಣ್ಣ ಬದಲಾಗುತ್ತೆ ಅಂತ ಕಾಯಬೇಡಿ. ಕೊಬ್ಬರಿ ಎಣ್ಣೆ ಊರಲ್ಲಿ ಕೂತು ಈ ಮಾತು ಹೇಳೋಕೆ ಸ್ವಲ್ಪ ಭಯ ಆಗುತ್ತೆ! 2003ರಲ್ಲಿ ಮುಂಬೈನ ಮ್ಯಾರಿಕೋ ಕಂಪನಿ ಸಂಶೋಧಕರು, ಕೊಬ್ಬರಿ ಎಣ್ಣೆ ಹಚ್ಚಿದ್ರೆ ಕೂದಲಿಂದ ಪ್ರೋಟೀನ್ ಹೋಗೋದು ಕಮ್ಮಿ ಆಗುತ್ತೆ ಅಂತ ತೋರಿಸಿದ್ರು. ಅದು ಎಣ್ಣೆ ಮಾರೋ ಕಂಪನಿ ಅನ್ನೋದೂ ನೆನಪಿರಲಿ. ಏನೇ ಆದ್ರೂ ಅದು ಕೂದಲ ಗಟ್ಟಿತನದ ಮಾತು, ಬಣ್ಣದ್ದಲ್ಲ. ಎಣ್ಣೆ ಹಚ್ಚಿದಾಗ ಕಪ್ಪಗೆ ಕಾಣೋದು ಒದ್ದೆ ಆಗಿರೋದ್ರಿಂದ.

ಮಗು ಕೇಳಿಸ್ಕೊಳ್ತಾ ಇರುತ್ತೆ

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಒಂದೇ. ಕೆಂಚು ಕೂದಲನ್ನ ಒಂದು ಸಲ ಸರಿಯಾಗಿ ಪರೀಕ್ಷೆ ಮಾಡಿಸ್ಬೇಕು. ಆಮೇಲೆ ಅದನ್ನ ಅದರ ಪಾಡಿಗೆ ಬಿಡಬೇಕು. ನಾವು ಮಾಡೋದು ಉಲ್ಟಾ. ಪರೀಕ್ಷೆ ಒಂದು ಸಲವೂ ಮಾಡಿಸಲ್ಲ, ಮಾತು ಮಾತ್ರ ದಿನಾ ಆಡ್ತೀವಿ.

ಒಂದಿನ ಪುಟ್ಟಿ ನನ್ನ ಹತ್ರ ಬಂದು, "ಮಾಮ, ನನ್ ತಲೆ ಕೊಳೆ ಆಗಿದ್ಯಾ?" ಅಂದ್ಲು. ಅಂಗನವಾಡಿಲಿ ಯಾವುದೋ ಮಗು ಹೇಳಿತ್ತಂತೆ, ತೊಳೆದ್ರೆ ಕಪ್ಪಾಗುತ್ತೆ ಅಂತ. ಮೂರೂವರೆ ವರ್ಷದ ಮಗು. ಟೋಪಿ ಹಾಕಿ ಮುಚ್ಚಿದ್ರೆ ಮಗುಗೆ ಅರ್ಥ ಆಗೋದು ಇಷ್ಟೇ: ನನ್ನಲ್ಲಿ ಮುಚ್ಚಿಡೋಂಥದ್ದೇನೋ ಇದೆ.

ಮನೆಯವರು ಮಾಡಬಹುದಾದ್ದು ಸಣ್ಣದು. ಯಾರಾದ್ರೂ ಕೇಳಿದಾಗ ಮಗು ಮುಂದೆ ಒಂದೇ ಉತ್ತರ, ನಗುಮುಖದಲ್ಲಿ, ಚುಟುಕಾಗಿ. ಶಾಲೆಗೆ ಸೇರಿಸುವಾಗ ಮಿಸ್‌ಗೆ ಮೊದಲೇ ಒಂದು ಮಾತು. ಅಡ್ಡಹೆಸರು ಇಟ್ಟು ಕರೆದ್ರೆ "ಅವಳಿಗೆ ಹೆಸರಿದೆ" ಅಂತ ದೊಡ್ಡವರೇ ತಿದ್ದಬೇಕು. ಕೆಂಚ, ಕೆಂಚಿ ಅನ್ನೋದು ಬೈಗುಳ ಅಲ್ಲ, ಸರಿ. ಆದ್ರೆ ಪ್ರೀತಿಯಿಂದ ಕರೆದ್ರೋ ಆಡ್ಕೊಂಡ್ರೋ ಅಂತ ಮಗುಗೆ ಚೆನ್ನಾಗಿ ಗೊತ್ತಾಗುತ್ತೆ.

ಹೋದ ತಿಂಗಳು ಇನ್ನೊಂದು ಮದುವೆ ಇತ್ತು. ಅಕ್ಕ ಮಗುನ ಟೋಪಿ ಇಲ್ದೇ ಕರ್ಕೊಂಡು ಬಂದಿದ್ಲು, ಎರಡು ಜುಟ್ಟು ಹಾಕಿ, ಮಲ್ಲಿಗೆ ಮುಡಿಸಿ. ಯಥಾಪ್ರಕಾರ ಒಬ್ಬರು ಕೇಳಿದ್ರು, "ಏನಮ್ಮ, ಮಗು ಕೂದಲು ಹಿಂಗಿದೆ?"

ಅಕ್ಕ ಹೇಳಿದ್ದು ಇಷ್ಟು: "ಅವಳದ್ದು ಕೆಂಚು ಕೂದಲು ಅತ್ತೆ. ನಮ್ಮಜ್ಜಿ ಅಣ್ಣಂದೂ ಹಿಂಗೇ ಇತ್ತಂತೆ. ಡಾಕ್ಟರ್‌ಗೆ ತೋರ್ಸಿದೀವಿ, ಚೆನ್ನಾಗಿದ್ದಾಳೆ. ಬನ್ನಿ, ಊಟಕ್ಕೆ ಕೂತ್ಕೊಳ್ಳಿ."

ಅವರು ಕೂತ್ಕೊಂಡ್ರು. ಪುಟ್ಟಿ ಪಕ್ಕದಲ್ಲೇ ಕೂತು ಎರಡು ಹೋಳಿಗೆ ತಿಂದ್ಲು.

ನಿಮ್ಮ ಮನೇಲೋ ಬೀದಿಲೋ ಕೆಂಚು ಕೂದಲ ಮಗು ಇದ್ರೆ ಈ ಕಂತನ್ನ ಆ ಅಮ್ಮನಿಗೆ ಕಳಿಸೋ ಮೊದಲು, ಆ ಅಮ್ಮನ ಪ್ರಶ್ನೆ ಕೇಳೋರಿಗೆ ಕಳಿಸಿ.